ಮೂರು ಬಣ್ಣದ ಮಾತ್ರೆ

ಉಳಿ ನನ್ನ ಕಿವಿ ಸವರಿಕೊಂಡು ಹೋಗಿ ಬಾಗಿಲಿಗೆ ನಾಟಿತು.

ಎಸೆದವನು ಬಡಗಿ. ಆರಡಿ ಆಳು, ಊದಿದ ದವಡೆ. ಬೆಳಗ್ಗೆ ಹತ್ತಕ್ಕೆ ಸೂಜಿ ಕಂಡೊಡನೆ ಆಸ್ಪತ್ರೆಯಿಂದ ಓಟ ಕಿತ್ತು ತನ್ನ ಮರಗೆಲಸದ ಶೆಡ್ಡಿನಲ್ಲಿ ಅಡಗಿದ್ದ. ಕಾಣೆಯಾದವರನ್ನು ಹುಡುಕಿಕೊಡುವುದು ನನ್ನ ಕಸುಬು ಸ್ವಾಮಿ. ಅವನ ಹೆಂಡತಿ ಫೋನಿನಲ್ಲಿ ಹೇಳಿದ್ದಿಷ್ಟೇ:

"ಅಣ್ಣಾ, ಬೇಗ ಕರ್ಕೊಂಡು ಬನ್ನಿ. ಮಾತ್ರೆ ಜಾಸ್ತಿಯಾಗಿದೆ. ಡ್ರಿಪ್ ತಡ ಆದ್ರೆ ಲಿವರ್ ಉಳಿಯೋದು ಗ್ಯಾರಂಟಿ ಇಲ್ಲ ಅಂದ್ರು ಡಾಕ್ಟರಮ್ಮ."

"ನಡಿ ಮಾರಾಯ," ಎಂದೆ.

"ನಂಗೇನಾಗಿದೆ? ಕಲ್ಲುಗುಂಡಿನ ಹಾಗಿದ್ದೀನಿ."

"ಮೊದಲ ದಿನ ಎಲ್ಲರೂ ಕಲ್ಲುಗುಂಡೇ... ಮೂರನೇ ದಿನ ಹಳದಿ ಗುಂಡು."

ಅವನು ಹಿಂಬಾಗಿಲಿಂದ ಜಿಗಿದ. ನಾನೂ ಜಿಗಿದೆ. ಮರದ ದಿಮ್ಮಿ ಹತ್ತಿದ, ಹೊಟ್ಟಿನ ಗುಡ್ಡೆಯಲ್ಲಿ ಜಾರಿದ. ಕಾಂಪೌಂಡಿನ ಮೂಲೆಯಲ್ಲಿ ಕಾಲರ್ ಹಿಡಿದೆ. ಅಲ್ಲೇ ವಾಂತಿ ಮಾಡಿಕೊಂಡ.

"ಎಷ್ಟು ನುಂಗಿದ್ದೆ?"

"ಒಂದೂ ಜಾಸ್ತಿ ಇಲ್ಲ. ಹಲ್ಲುನೋವಿಗೆ ಬಿಳಿದು. ಮೈಕೈ ನೋವಿಗೆ ಕೆಂಪುದು. ನೆಗಡಿಗೆ ನೀಲಿದು. ಮೂರು ದಿನ, ಕವರ್ ಮೇಲೆ ಬರೆದಷ್ಟೇ."

ಅವನ ಜೇಬಿಗೆ ಕೈ ಹಾಕಿ ಮೂರೂ ಮಾತ್ರೆಪಟ್ಟಿ ಎಳೆದೆ. ತಿರುಗಿಸಿ ಮೂಗಿನ ಮುಂದೆ ಹಿಡಿದೆ.

"ಸಣ್ಣ ಅಕ್ಷರ ಓದು."

ಹಲಗೆಯನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವ ಮಹಾನುಭಾವ ಅಕ್ಷರ ಕೂಡಿಸಿ ಓದಿದ.

"ಪ್ಯಾರಾಸಿಟಮಾಲ್... ಪ್ಯಾರಾಸಿಟಮಾಲ್... ಇದೂ ಅದೇನಾ?"

"ಅದೇ ಆಸಾಮಿ. ಅಂಗಿ ಬೇರೆ."

ಮುಖ ಬಿಳಿಚಿಕೊಂಡಿತು. ಆಮೇಲೆ ಎಳೆಯುವ ಕೆಲಸವೇ ಬೀಳಲಿಲ್ಲ. ನನಗಿಂತ ಮುಂದೆ ಓಡಿ ಆಟೋ ಹತ್ತಿದ.

ಡಾಕ್ಟರಮ್ಮ ಬೈಯಲಿಲ್ಲ. ರಕ್ತ ತೆಗೆದರು, ರಿಪೋರ್ಟಿಗೆ ಕಾಯದೆ ಪ್ರತಿಮದ್ದಿನ ಡ್ರಿಪ್ ಏರಿಸಿದರು. "ಹುಷಾರಾಗಿದ್ದೀನಿ ಅನ್ನಿಸಿದ್ರೂ ನಂಬಬಾರದು. ಇದು ಒಳಗೊಳಗೇ ತಿನ್ನುತ್ತೆ," ಎಂದರು. ಹೆಂಡತಿ ಎರಡು ದಿನ ವಾರ್ಡಿನ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ನಾನೂ ಹೋಗಿ ಬಂದು ಮಾಡುತ್ತಿದ್ದೆ.

ಮೂರನೇ ಬೆಳಗ್ಗೆ ರಿಪೋರ್ಟ್ ಬಂತು. ಲಿವರ್ ಉಳಿದಿತ್ತು. ಆಕೆ ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು.

ಹಾಸಿಗೆಯ ಮೇಲೆ ಇವನು ಎದೆ ಉಬ್ಬಿಸಿ ಕೂತ.

"ನೋಡಿದ್ರಾ? ನಂಗೇನೂ ಆಗಿಲ್ಲ ಅಂತ ಅವತ್ತೇ ಬಡ್ಕೊಂಡೆ. ಸುಮ್ನೆ ಚುಚ್ಚಿಸಿದ್ರಿ."

ಆಕೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಅಣ್ಣಾ, ಇನ್ನೊಂದ್ಸಲ ಇವರು ಕಾಣೆಯಾದ್ರೆ... ಹುಡುಕಬೇಡಿ."