ಕೂತ ಗಾಳಿ

ಮಳೆ ಹಿಡಿದುಕೊಳ್ಳುವ ಮೊದಲು ಜ್ವಾಲಾಮುಖಿಯ ಬಾಯಿಯ ಹತ್ತಿರ ಎಚ್ಚರಿಕೆಯ ಯಂತ್ರ ಕೂರಿಸಿ ಬರಬೇಕು. ಇದು ಜ್ವಾಲಾಮುಖಿ ಕಚೇರಿಯ ತರುಣಿ ವೆನಿಂಗ್ ಪಾಲಿಗೆ ಬಂದ ಕೆಲಸ. ದಾರಿ ತೋರಲು ಹಿರಿಯರಾದ ಸುಕಾಮ್ತೊ, ಹೊರೆ ಹೊರಲು ಅವರ ತಮ್ಮ ದಾರ್ಸ. ಕೆಳಗೆ ಜಾವಾದ ಗದ್ದೆಗಳು ಮಂಜಿನಲ್ಲಿ ಮುಳುಗಿದ್ದವು. ಮುಂದೆ ಬರೀ ಬೂದಿಯ ಏರು. ಒಂದು ಹೆಜ್ಜೆ ಹತ್ತಿದರೆ ಅರ್ಧ ಹೆಜ್ಜೆ ಜಾರುತ್ತಿತ್ತು.

ಕಾವಲು ಚೌಕಿ ದಾಟಿದ ಸ್ವಲ್ಪ ಹೊತ್ತಿಗೆ ಸುಕಾಮ್ತೊ ಎದೆ ಹಿಡಿದು ಕುಳಿತರು. ಮೈಯೆಲ್ಲ ತಣ್ಣನೆಯ ಬೆವರು.

"ಗಾಳಿ ಹೊಕ್ಕಿದೆ ಕಣೋ. ಸ್ವಲ್ಪ ಗೀಚು."

ಹೊಕ್ಕ ಗಾಳಿ ಹೊರಬರಲೆಂದು ದಾರ್ಸ ಅಣ್ಣನ ಬೆನ್ನಿಗೆ ಮುಲಾಮು ಸವರಿ ನಾಣ್ಯದಿಂದ ಗೀಚತೊಡಗಿದ. ಕೆಂಪು ಗೆರೆಗಳೆದ್ದವು. ವೆನಿಂಗ್ ಕೂಡ ತಡೆಯಲಿಲ್ಲ. ನೆಗಡಿಯಾಗಲಿ ಹೊಟ್ಟೆನೋವಾಗಲಿ, ಅವಳಮ್ಮ ಮಾಡುತ್ತಿದ್ದದ್ದೂ ಅದನ್ನೇ.

ಸುಕಾಮ್ತೊ ಪಕ್ಕಕ್ಕೆ ಉರುಳಿದರು.

"ಅಯ್ಯೋ, ಗಾಳಿ ಎದೆಯಲ್ಲೇ ಕೂತುಬಿಡ್ತು." ದಾರ್ಸ ಅಣ್ಣನನ್ನು ಎತ್ತಿ ಕೂರಿಸಿ ಇನ್ನೂ ಜೋರಾಗಿ ಗೀಚಿದ.

ವೆನಿಂಗ್ ಭುಜ ತಟ್ಟಿ ಕೂಗಿದಳು. ಉತ್ತರವಿಲ್ಲ. ಉಸಿರೂ ಇಲ್ಲ.

"ಮಲಗಿಸು, ದಾರ್ಸಣ್ಣ."

"ಮಲಗಿಸಿದ್ರೆ ಗಾಳಿ ಒಳಗೇ ಉಳಿಯುತ್ತಮ್ಮ."

"ಅದು ಗಾಳಿ ಅಲ್ಲ. ಎದೆಬಡಿತ ನಿಂತಿದೆ."

ಅವಳೇ ಅವರನ್ನು ಎಳೆದು ಅಂಗಾತ ಮಲಗಿಸಿದಳು. ವೈರ್‌ಲೆಸ್ಸಿನಲ್ಲಿ ಚೌಕಿಗೆ ಕೂಗಿದಳು: "ಎದೆಗೆ ಕರೆಂಟ್ ಕೊಡೋ ಪೆಟ್ಟಿಗೆ ತಗೊಂಡು ಓಡಿ ಬನ್ನಿ." ಮಂಡಿಯೂರಿ, ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು ಒತ್ತಿದಳು.

ಲಟಕ್ಕೆಂದಿತು.

ದಾರ್ಸ ಅವಳ ರಟ್ಟೆ ಹಿಡಿದ. "ಎಲುಬು ಮುರೀತಲ್ಲೇ. ಸಾಯಿಸ್ತೀಯಾ?"

"ಎಲುಬು ಕೂಡುತ್ತೆ. ಬಿಡು ಕೈ."

ಒತ್ತಿದಳು, ಒತ್ತಿದಳು. ತೋಳು ಸೋತವು.

"ಈಗ ನೀನು ಬಾ."

"ಅಣ್ಣನ ಎದೆ ಮೇಲೆ ನಾನು ಹೆಂಗೆ..."

"ನಾಣ್ಯ ಬಿಸಾಡು. ಭತ್ತ ಕುಟ್ಟಿಲ್ವಾ ನೀನು? ಆಳವಾಗಿ ಒತ್ತು, ಎದೆ ಪೂರ್ತಿ ಮೇಲೇಳಲಿ, ಮತ್ತೆ ಒತ್ತು. ನಿಲ್ಲಿಸಬೇಡ."

ನಾಣ್ಯ ಬೂದಿಗೆ ಬಿತ್ತು. ದಾರ್ಸ ಅಳುತ್ತಲೇ ಒತ್ತಿದ. ದಣಿದವರು ಸರಿದು, ಇನ್ನೊಬ್ಬರು ಬಂದು, ಒತ್ತುತ್ತಲೇ ಇದ್ದರು. ಚೌಕಿಯವರು ಬರುತ್ತಾರೋ ಇಲ್ಲವೋ ಎಂದು ಇಳಿಜಾರಿನತ್ತ ನೋಡಲೂ ಪುರುಸೊತ್ತಿರಲಿಲ್ಲ.

ಕಾವಲುಗಾರ ಏದುಸಿರು ಬಿಡುತ್ತ ಪೆಟ್ಟಿಗೆ ತಂದ. ಅದರ ಪಟ್ಟಿಗಳನ್ನು ಎದೆಗೆ ಅಂಟಿಸಿದರು. ದೂರ ಸರಿಯಿರಿ ಎಂದಿತು ಪೆಟ್ಟಿಗೆ. ಕರೆಂಟ್ ಹೊಡೆದು ಮೈ ಒಮ್ಮೆ ಅದುರಿತು. ಮತ್ತೆ ಒತ್ತಿದರು. ಮತ್ತೊಂದು ಹೊಡೆತ.

ಸುಕಾಮ್ತೊ ನರಳಿದರು. ಅಷ್ಟು ಚೆಂದದ ನರಳಾಟವನ್ನು ವೆನಿಂಗ್ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಎಚ್ಚರಿಕೆಯ ಯಂತ್ರ ಆ ದಿನ ಚೌಕಿಗೇ ವಾಪಸಾಯಿತು. ಬಿದಿರಿಗೆ ಲುಂಗಿ ಕಟ್ಟಿ, ಜಾರುವ ಬೂದಿಯಲ್ಲಿ ಅವರನ್ನು ಹೊತ್ತು ಇಳಿಸಿದರು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಸುಕಾಮ್ತೊ ಎದೆ ಸವರಿಕೊಂಡರು. "ಗಾಳಿ ಬಿಡ್ತೇನೋ?"

"ಬಿಡ್ತು ಅಣ್ಣ. ಎರಡು ಎಲುಬು ಮುರೀತು."

"ಮುರಿದೋರ್ಯಾರು?"

ದಾರ್ಸ ವೆನಿಂಗ್ ಕಡೆ ನೋಡಿದ, ತನ್ನ ಅಂಗೈ ನೋಡಿಕೊಂಡ.

"ಶುರು ಮಾಡಿದ್ದು ಇವಳು. ಆಮೇಲೆ ನಾನೂ ಬಿಡ್ಲಿಲ್ಲ."