ಚರಂಡಿ ಮೇಲಿನ ಗೋಡೆ

"ಆ ಗೋಡೆಯನ್ನ ನಗರಸಭೆ ಚರಂಡಿ ಮೇಲೆ ನಿಮ್ಮ ತಂದೆಯವರೇ ಕಟ್ಟಿಸಿದ್ದು. ಹೌದೋ, ಅಲ್ಲವೋ?"

ಕೇಳಿದವಳು ನಗರಸಭೆಯ ವಕೀಲೆ ಇಂಚರಾ. ಕಟಕಟೆಯಲ್ಲಿ ನಿಂತಿದ್ದವನು ಕಾಫಿಪುಡಿ ಅಂಗಡಿಯ ವೀರೇಂದ್ರ. ಇಬ್ಬರೂ ಪ್ರೀತಿಸುತ್ತಿದ್ದಾರೆ ಅಂತ ಆ ಕೋರ್ಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ!

ಆ ಗೋಡೆ ಇರುವುದು ಅಂಗಡಿಯ ಹಿಂದಿನ ಕೋಣೆಗೆ; ಅದನ್ನು ನಗರಸಭೆ ಒಡೆಯಬಾರದು ಅಂತ ತಡೆ ಕೇಳಿ ಬಂದವನು ಅವನು. ಗೋಡೆ ಯಾರು ಕಟ್ಟಿಸಿದ್ದು ಅನ್ನುವುದು ನಗರಸಭೆಗೆ ಗೊತ್ತೇ ಇರಲಿಲ್ಲ. ಒಮ್ಮೆ ಬಾಳೂರಿನ ದಾರಿಯಲ್ಲಿ ಜೀಪು ನಿಲ್ಲಿಸಿ ಅವನೇ ಅವಳಿಗೆ ಹೇಳಿದ್ದ. "ಮಳೆ ಜೋರಾದ್ರೆ ಹಿಂದಿನ ಮನೆಗಳಿಗೆ ನೀರು ನುಗ್ಗುತ್ತೆ ಇಂಚರಾ. ಅಪ್ಪ ಮಾಡಿದ ತಪ್ಪು, ನಂಗೆ ನಿದ್ದೆ ಬರಲ್ಲ..."

ಅಯ್ಯೋ ಹುಡುಗಿ, ನಂಬಿ ಆಡಿದ ಮಾತನ್ನು ಕೋರ್ಟಿಗೆ ತರುವುದಾ?

ವೀರೇಂದ್ರ ಅವಳನ್ನೇ ನೋಡಿದ. ಅಲ್ಲ ಅಂದಿದ್ದರೆ ಕೇಸು ಅವನದೇ ಆಗುತ್ತಿತ್ತು.

"ಹೌದು," ಅಂದ.

ಇಂಚರಾ ಕೇಸು ಗೆದ್ದಳು. ಪೌರಾಯುಕ್ತರು ಕೈ ಕುಲುಕಿದರು. ಅವಳು ಮಾತ್ರ ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ತಂದಳು.

'ಇವರು ನಂಗೆ ಬೇಕಾದವರು ಸಾರ್, ಈ ಕೇಸು ಬೇಡ ಅಂತ ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ? ಮೊದಲನೇ ದೊಡ್ಡ ಕೇಸು, ಗೆಲ್ಲಲೇಬೇಕು ಅನ್ನೋ ಹಟ... ಥೂ!'

ವೀರೇಂದ್ರ ಫೋನ್ ಎತ್ತಲಿಲ್ಲ. 'ಇದಕ್ಕೇ ಹತ್ತಿರ ಬಂದಿದ್ದಾ?' ಅಂತ ಒಂದು ಮೆಸೇಜು ಮಾತ್ರ ಬಂತು. ಅವಳು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಗೋಡೆ ಒಡೆಯುವ ದಿನ ಜೆಸಿಬಿಗಿಂತ ಮೊದಲೇ ಅಂಗಡಿಗೆ ಹೋದಳು. ಬೀಜದ ಮೂಟೆ ಎಳೆಯುತ್ತಿದ್ದ ಅವನ ತಾಯಿ ನಂಜಮ್ಮ ತಲೆಯೆತ್ತಿದರು. ಮಗನ ಮನಸ್ಸು ಅವರಿಗೆ ಗೊತ್ತು.

"ಬಂದ್ಯಾ ಮಾರಾಯ್ತಿ? ಉಪ್ಪು ತಿಂದೋರು ನೀರು ಕುಡೀಲೇಬೇಕು. ಹೋಗು, ಒಳಗಿದ್ದಾನೆ."

ಹಿಂದಿನ ಕೋಣೆಯಲ್ಲಿ ವೀರೇಂದ್ರ ಬೀಜ ಹುರಿಯುವ ಯಂತ್ರ ಬಿಚ್ಚುತ್ತಿದ್ದ. ತಿರುಗಲಿಲ್ಲ.

"ಗುಟ್ಟು ತಿಳ್ಕೊಳ್ಳೋಕೆ ನಾನು ಹತ್ತಿರ ಬಂದಿದ್ದಲ್ಲ, ದೇವ್ರಾಣೆ! ಕೇಸು ಆಮೇಲೆ ಬಂತು. ಆದ್ರೆ ಗೆಲ್ಲೋ ಆಸೆಗೆ ನಿಮ್ಮ ಮಾತಿಂದ್ಲೇ ನಿಮ್ಮನ್ನ ಸೋಲಿಸಿದೆ. ನಿನ್ನೆ ಪೌರಾಯುಕ್ತರಿಗೆ ಎಲ್ಲಾ ಹೇಳಿದೀನಿ. ಕೆಲಸ ಉಳಿಯೋದು ಕಷ್ಟ."

ಅವನ ಕೈ ನಿಂತಿತು. "ಯಾರು ಹೇಳು ಅಂದ್ರು ನಿಂಗೆ?"

"ಯಾರೂ ಇಲ್ಲ."

"ನಮ್ಮ ಲಾಯರು 'ಅಲ್ಲ' ಅನ್ನು ಅಂತ ಹೇಳಿಕೊಟ್ಟಿದ್ರು. ನಿನ್ನ ಮುಖ ನೋಡ್ಕೊಂಡು ಸುಳ್ಳು ಬರ್ಲಿಲ್ಲ. ಗೋಡೆ ಹೋಗ್ಲಿ, ಹೋಗಬೇಕಾದ್ದೇ. 'ನಾಳೆ ಇದನ್ನ ಕೇಳ್ತೀನಿ' ಅಂತ ನಂಗೊಂದು ಮಾತು ಹೇಳಬಹುದಿತ್ತಲ್ಲೇ? ನಾನೇ ಒಪ್ಕೋತಿದ್ದೆ. ಅಷ್ಟು ಜನರೆದುರು ನಿನ್ನ ಬಾಯಲ್ಲೇ ಕಳ್ಳ ಅನ್ನಿಸ್ಕೊಂಡೆನಲ್ಲ..."

ಇಂಚರಾಳ ಕಣ್ಣು ತುಂಬಿತು. "ಹೇಳಿದ್ರೆ ದೂರ ಆಗ್ತೀರಿ ಅಂತ ಹೆದರಿದೆ. ಈಗ ಕ್ಷಮಿಸಿ ಅನ್ನೋಕೂ ಮುಖ ಇಲ್ಲ."

ಹೊರಗೆ ಜೆಸಿಬಿ ಬಂದ ಸದ್ದಾಯಿತು. ವೀರೇಂದ್ರ ಯಂತ್ರದ ಒಂದು ಬದಿ ಹಿಡಿದ.

"ಆ ಕಡೆ ಹಿಡಿ. ಕಾಲು ಜೋಪಾನ."

ಏದುಸಿರು ಬಿಡುತ್ತಾ ಇಬ್ಬರೂ ಅದನ್ನು ಮುಂದಿನ ಕೋಣೆಗೆ ತಂದಿಟ್ಟರು. ಹಿಂದೆ ಗೋಡೆ ಕುಸಿಯಿತು. ಅವಳು ಬೆಚ್ಚಿಬಿದ್ದಳು.

"ಇನ್ನು ನಿನ್ನ ಹತ್ರ ಮನಸ್ಸಿನ ಮಾತು ಹೇಳೋಕೆ ಭಯ ಆಗುತ್ತೆ, ಇಂಚರಾ."

"ಹಾಗಾದ್ರೆ ನೀವು ಹೇಳ್ಬೇಡಿ, ನಾನೇ ಹೇಳ್ತೀನಿ. ನೀವಿಲ್ದೆ ನನ್ನ ಕೈಲಿ ಇರೋಕಾಗಲ್ಲ..."

ಅವನು ಕೈಯ ಮಸಿ ಅಂಗಿಗೆ ಒರೆಸಿಕೊಂಡ. ಆಮೇಲೆ ಅವಳ ಕೆನ್ನೆಯ ಧೂಳು ಒರೆಸಿದ.

"ನಂಗೂ ಆಗಲ್ಲ ಕಣೇ. ಇದನ್ನ ಬೇಕಾದ್ರೆ ಯಾರ ಮುಂದೆಯಾದ್ರೂ ಹೇಳು."