ಸೋಮವಾರ ನಾಟಿಯಾದ ಕಬ್ಬು

೨೦೦೭ರ ಡಿಸೆಂಬರ್ ೫, ಬುಧವಾರ ಬೆಳಿಗ್ಗೆ ಸಕ್ಕರೆ ಕಾರ್ಖಾನೆಯ ಮ್ಯಾನೇಜರ್ ಶ್ರೀಶೈಲಪ್ಪ ಇಂಡಿ ಠಾಣೆಗೆ ದೂರು ತಂದರು. ಜೊತೆಗೆ ಆರೋಪಿಯನ್ನೂ ಕರೆತಂದಿದ್ದರು. ತನಿಖೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸವನ್ನು ಪುಣ್ಯಾತ್ಮರು ತಾವೇ ಮುಗಿಸಿದ್ದರು.

ಕಾರ್ಖಾನೆಯಲ್ಲಿ ಕಬ್ಬು ಕಟಾವಿನ ಪಾಳಿ ನಾಟಿಯ ತಾರೀಖಿನ ಪ್ರಕಾರ ನಡೆಯುತ್ತದೆ. ಮೊದಲು ನೆಟ್ಟವರದು ಮೊದಲು. ದೇವಣಗಾಂವದ ಮಾಳಿಂಗಪ್ಪ ಕಬ್ಬು ನೆಟ್ಟಿದ್ದು ಜನವರಿಯಲ್ಲಿ ಎಂಬುದು ಊರಿಗೇ ಗೊತ್ತು. ಕಂಪ್ಯೂಟರಿನಲ್ಲಿ ಅದು ಅದರ ಹಿಂದಿನ ಡಿಸೆಂಬರ್ ಆಗಿ, ಶನಿವಾರದ ಪಾಳಿಯಲ್ಲಿ ಅವನ ಹೆಸರು ಎಲ್ಲರಿಗಿಂತ ಮೇಲೇರಿತ್ತು. ಹಿಂದೆ ಬಿದ್ದ ರೈತರು ಗೇಟಿನೆದುರು ಕುಳಿತಿದ್ದರು. ತಾರೀಖು ತಿದ್ದಿದ್ದು ಆಪರೇಟರ್ ವಿದ್ಯಾವತಿಯ ಹೆಸರಿನಲ್ಲಿ.

ಇನ್‌ಸ್ಪೆಕ್ಟರ್ ಸಂಜೀವಕುಮಾರ ಎಫ್‌ಐಆರ್ ದಾಖಲಿಸಿಕೊಂಡು ಹುಡುಗಿಯತ್ತ ನೋಡಿದರು. ಬಸವನ ಬಾಗೇವಾಡಿಯ ಪೋಸ್ಟ್‌ಮಾಸ್ತರರ ಮಗಳು. ಅತ್ತು ಅತ್ತು ಮುಖ ಊದಿತ್ತು.

"ನಿನ್ನ ಪಾಸ್‌ವರ್ಡ್ ಯಾರ್‍ಯಾರಿಗೆ ಗೊತ್ತೈತಿ, ತಂಗಿ?"

"ನಾಕೈದು ಮಂದಿಗೆ ಹೇಳೇನ್ರಿ. ನಾ ಊಟಕ್ಕ ಹೋದಾಗ ಕೆಲಸ ನಿಲ್ಲಬಾರದಂತ."

"ಮತ್ತ ಯಾಕ ಸುಮ್ನ ಇದ್ದಿ?"

"ಯಾರೂ ಕೇಳಲಿಲ್ರಿ."

"ಸಾಹೇಬರ, ಸಂಜಿ ಆಗೂದರೊಳಗ ಅರೆಸ್ಟ್ ಆಗಬೇಕ್ರಿ," ಎಂದರು ಶ್ರೀಶೈಲಪ್ಪ. "ಇಲ್ಲಾಂದ್ರ ರೈತರು ಏಳೂದಿಲ್ಲ."

ಸಂಜೀವಕುಮಾರ ಒಂದು ದಿನದ ಸಮಯ ಕೇಳಿದರು. ಹುಡುಗಿ ಒಮ್ಮೆ ಲಾಕಪ್ಪಿನ ಒಳಗೆ ಹೋದಳೆಂದರೆ, ಆಮೇಲೆ ಯಾವ ಕೋರ್ಟು ಬಿಟ್ಟರೂ ಊರು ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ಅವರು ಕಾನ್‌ಸ್ಟೇಬಲ್ ನಬಿಲಾಲನೊಡನೆ ಕಾರ್ಖಾನೆಗೆ ಹೋದರು. ಅಲ್ಲಿನ ಸರ್ವರ್ ನೋಡಿಕೊಳ್ಳುವ ಇಂಜಿನಿಯರ್ ರಾಜಶ್ರೀ ಬಿಜಾಪುರದಿಂದ ಬಸ್ಸಿಗೆ ಬಂದಿಳಿದಿದ್ದಳು. ಮುದ್ದೇಬಿಹಾಳದವಳು, ಮಾತು ಚುರುಕು.

"ಈಗಿನ ಡೇಟಾಬೇಸಿನ್ಯಾಗ ಹೆಸರಷ್ಟ ಉಳದೈತ್ರಿ, ಸರ್. ಯಾವ ಮಷೀನಿಂದ ತಿದ್ದಿದ್ರು ಅನ್ನೂದನ್ನ ದಿನಾ ರಾತ್ರಿ ಪಾಳಿ ಲೆಕ್ಕ ಮಾಡೋ ಪ್ರೋಗ್ರಾಮ್ ಅಳಿಸಿಬಿಡ್ತೈತಿ. ಆದ್ರ ಸ್ಟೋರೇಜ್ ಪೆಟ್ಟಿಗಿ ದಿನಾ ಮಧ್ಯಾಹ್ನಕ್ಕೊಂದು ಸಂಜಿಗೊಂದು ಸ್ನ್ಯಾಪ್‌ಶಾಟ್ ಹಿಡೀತೈತಿ. ಡಿಸ್ಕು ಆ ಗಳಿಗ್ಯಾಗ ಹೆಂಗಿತ್ತೋ ಹಂಗ."

"ಅದನ್ನ ತೆಗದು ನೋಡಾಕ ಬರ್ತೈತೇನವ್ವಾ?"

"ಬೇರೆ ಮಷೀನಿನ್ಯಾಗ ಅದರಿಂದ ಇನ್ನೊಂದು ಡೇಟಾಬೇಸ್ ನಿಲ್ಲಿಸ್ತೇನ್ರಿ, ಕ್ಲೋನ್. ಅಸಲಿಗೆ ಕೈ ಹಚ್ಚೂದಿಲ್ಲ, ಗಾಣಾನೂ ನಿಲ್ಲೂದಿಲ್ಲ."

ಪಂಚರ ಎದುರು ಪಂಚನಾಮೆ ಶುರುವಾಯಿತು. ಪಾಳಿ ಕೆಟ್ಟದ್ದು ಶನಿವಾರವಾದ್ದರಿಂದ ಶುಕ್ರವಾರದ ಎರಡೂ ಸ್ನ್ಯಾಪ್‌ಶಾಟ್‌ಗಳನ್ನು ಆರಿಸಿದರು. ರಾಜಶ್ರೀ ಮೊದಲು ಖಾಲಿ ಮಷೀನಿನ ನೆಟ್‌ವರ್ಕ್ ವೈರು ಕಿತ್ತಳು. ಇಲ್ಲವಾದರೆ ಕ್ಲೋನು ತಾನೇ ಅಸಲಿ ಎಂದುಕೊಂಡು ಇನ್ನೊಂದು ಸುತ್ತು ಪಾಳಿ ಚೀಟಿ ಹಂಚಿಬಿಡುತ್ತಿತ್ತು. ಆಮೇಲೆ ಅದಕ್ಕೆ ಬೇರೆ ಹೆಸರಿಟ್ಟಳು.

ಪರದೆಯ ಮೇಲೆ ಸಾಲುಗಳು ಓಡಿ, ಗಕ್ಕನೆ ನಿಂತವು. ಕೆಟ್ಟಿತೇನೋ ಎಂದು ನಬಿಲಾಲ ಪರದೆಯತ್ತ ಬಾಗಿದ.

"ಹೆದರಬ್ಯಾಡ್ರಿ," ಎಂದಳು ರಾಜಶ್ರೀ. "ನಡಿಯೋವಾಗ ಹಿಡಿದ ಸ್ನ್ಯಾಪ್‌ಶಾಟ್ ಅದು. ಅದರ ಪಾಲಿಗೆ ಈಗಷ್ಟ ಕರೆಂಟು ಹೋಗಿ ಬಂದಂಗ. ಮುಗದಿದ್ದ ಕೆಲಸ ಇಟಗೊಂಡು, ಅರ್ಧಕ್ಕ ನಿಂತಿದ್ದು ಕೈಬಿಟ್ಟು ತಾನ ಏಳ್ತೈತಿ."

ಎದ್ದಿತು. ಎರಡನೆಯದೂ ಎದ್ದಿತು. ಮಾಳಿಂಗಪ್ಪನ ಸಾಲು ಎರಡರಲ್ಲಿ ಬೇರೆ ಬೇರೆಯಾಗಿತ್ತು. ಮಧ್ಯಾಹ್ನದ ಕ್ಲೋನಿನಲ್ಲಿ ನಾಟಿಯ ದಿನ ೨೦೦೬ರ ಡಿಸೆಂಬರ್ ೧೧. ಸಂಜೆಯದರಲ್ಲಿ ಡಿಸೆಂಬರ್ ೧೨. ಎರಡು ಸಲವೂ ತಿದ್ದಿದ್ದು ಲಾರಿ ತೂಗುವ ಕಾಟಾಮನೆಯ ಮಷೀನಿನಿಂದ. ವಿದ್ಯಾವತಿ ಕೂರುವುದು ಅಲ್ಲಲ್ಲ.

"ಒಮ್ಮೆ ಸುಳ್ಳು ಬರೆದವ, ಒಂದು ದಿನದ ಸಲುವಾಗಿ ಮತ್ಯಾಕ ತಿದ್ದಿದ?" ಎಂದ ನಬಿಲಾಲ.

ಸಂಜೀವಕುಮಾರ ಹಳೆಯ ಕ್ಯಾಲೆಂಡರ್ ತರಿಸಿದರು. ಡಿಸೆಂಬರ್ ೧೧ ಸೋಮವಾರ. ತಾಂಬಾದ ಒಕ್ಕಲುತನದ ಮನೆಯಲ್ಲಿ ಬೆಳೆದ ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಯಿತು. ಆ ಕಾಟಾಮನೆಯಲ್ಲಿ ಕೂರುವವರು ಇಬ್ಬರು. ಗುಮಾಸ್ತ ಬಿಜಾಪುರದ ಪೇಟೆಯವನು, ನೊಗ ಮುಟ್ಟಿದವನಲ್ಲ. ಇನ್ನೊಬ್ಬ ಹೊಲ ತಿರುಗಿ ನಾಟಿ ಬರೆದುಕೊಳ್ಳುವ ಫೀಲ್ಡ್‌ಮನ್ ಅನೀಲಕುಮಾರ.

ಗುರುವಾರ ಬೆಳಿಗ್ಗೆ ಅನೀಲಕುಮಾರನನ್ನು ಠಾಣೆಗೆ ಕರೆಸಿದರು.

"ಎತ್ತು ಹೂಡಿ ಗೊತ್ತೈತೇನು?"

"ಬೆಳದದ್ದ ಅದರಾಗ್ರಿ."

"ಸೋಮವಾರ ಹೂಡ್ತೀರಿ?"

"ಛೇ, ಎಲ್ಲೀದ್ರಿ! ಬಸವಣ್ಣನ ವಾರ ಅದು, ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲ."

ಸಂಜೀವಕುಮಾರ ಎರಡು ಕ್ಲೋನುಗಳ ಪ್ರಿಂಟನ್ನು ಮುಂದಿಟ್ಟರು. "ಹಂಗಾದ್ರ ಈ ಸೋಮವಾರಾನ ಮಂಗಳವಾರ ಮಾಡಿದ್ದು ಯಾರು?"

ಅನೀಲಕುಮಾರ ಆ ಹಾಳೆ ನೋಡಿದ. ಆಮೇಲೆ ಮುಖ ಮುಚ್ಚಿಕೊಂಡ.

"ನಾನ ರೀ. ಅವ್ವ ಅಪ್ಪ ಹೋದ ಮ್ಯಾಲೆ ಮಾಳಿಂಗಪ್ಪ ಕಾಕಾ ನನ್ನ ಮನ್ಯಾಗ ಇಟಗೊಂಡು ಸಾಲಿ ಕಲಿಸ್ಯಾನ. ಈಗ ಅವನ ಕಣ್ಣು ಹೊಂಟಾವ. ಕಬ್ಬು ಹೋಗೂತನಾ ಆಪರೇಷನ್ ಒಲ್ಲೆ ಅಂತ ಕುಂತಾನ. ಅದಕ್ಕ ಪಾಳಿ ಮುಂದ ಮಾಡಿದೆ. ಅವಗ ಏನೂ ಗೊತ್ತಿಲ್ರಿ."

"ಸೋಮವಾರದ್ದು?"

"ಊಟ ಮಾಡೋವಾಗ ನೆನಪಾತ್ರಿ. ಕಾಕಾ ಸೋಮವಾರ ಎತ್ತು ಹೂಡ್ಯಾನ ಅಂತ ಬರದಂಗ ಆತಲ್ಲ ಅಂತ ತುತ್ತು ಇಳೀಲಿಲ್ರಿ."

ವಿದ್ಯಾವತಿಯ ಹೆಸರಿನಲ್ಲಿ ಕಳ್ಳತನ ಮಾಡಿಯೂ ಅವನ ತುತ್ತು ಇಳಿದಿತ್ತು. ಎತ್ತಿನ ಮಾತಿಗೆ ಇಳಿದಿರಲಿಲ್ಲ. ಸಂಜೀವಕುಮಾರರಿಗೆ ಸಿಟ್ಟೂ ಬಂತು, ಮರುಕವೂ ಬಂತು. ಹೇಳಿಕೆ ಬರೆಸಿಕೊಂಡು ಬಂಧನದ ದಾಖಲೆಗೆ ಸಹಿ ಹಾಕಿದರು. ಆಮೇಲೆ ರಾಜಶ್ರೀಗೆ ಫೋನು ಮಾಡಿ, "ನಿನ್ನಿಂದ ಒಂದು ಮನಿತನ ಉಳೀತವ್ವಾ, ನಿನ್ನ ಉಪಕಾರ ಮರಿಯೂದಿಲ್ಲ," ಎಂದರು. ಠಾಣೆಯಲ್ಲಿ ಅವರು ಅಂಥ ಮಾತಾಡಿದ್ದನ್ನು ನಬಿಲಾಲ ಹಿಂದೆಂದೂ ಕೇಳಿರಲಿಲ್ಲ.

ಸಂಜೆ ವಿದ್ಯಾವತಿ ಅಪ್ಪನೊಂದಿಗೆ ಕೈಮುಗಿಯಲು ಬಂದಳು. ಅದೇ ಹೊತ್ತಿಗೆ ಗೋಡೆ ಹಿಡಿದುಕೊಂಡು ಮಾಳಿಂಗಪ್ಪನೂ ಬಂದ. ಲಾಕಪ್ಪಿನ ಸರಳಿನ ಹತ್ತಿರ ನಿಂತು, "ಅನ್ನಾ ಹಾಕಿದ್ದು ತಿರುಗಿ ಕೊಡಲಿ ಅಂತಲ್ಲೋ, ಮಗಾ," ಎಂದ.

ಮುದುಕ ಇನ್‌ಸ್ಪೆಕ್ಟರಿನ ಕಡೆ ತಿರುಗಿದ. "ನನ್ನ ಪಾಳಿ ಮೊದ್ಲ ಇದ್ದಲ್ಲೇ ಇಡಸ್ರಿ, ಸಾಹೇಬರ. ಆ ಹುಡುಗಿ ಎಲ್ಲಿ ಅದಾಳ?"

"ಇಲ್ಲೇ ಅದೇನಿ, ಅಜ್ಜಾ."

ಮಾಳಿಂಗಪ್ಪ ದನಿ ಬಂದ ಕಡೆಗೆ ಎರಡೂ ಕೈ ಜೋಡಿಸಿದ. "ಅವಗ ನಾ ಮಾಡಿದ ಉಪಕಾರದ ಭಾರ ನಿನ್ನ ತಲಿ ಮ್ಯಾಲೆ ಬಿತ್ತವ್ವಾ. ಹೊಟ್ಟ್ಯಾಗ ಹಾಕ್ಕೊ."

ವಿದ್ಯಾವತಿ ಆ ಕೈಗಳನ್ನು ಹಿಡಿದುಕೊಂಡಳು. "ಮೊದ್ಲ ಕಣ್ಣು ತೋರಿಸ್ಕೊ, ಅಜ್ಜಾ," ಎಂದಳು. "ಕಬ್ಬು ಪಾಳಿ ಬಂದ ಮ್ಯಾಲೆ ಹೋಗಲಿ. ನಾನ ಚೀಟಿ ತೆಗದು ಕೊಡ್ತೇನಿ."